ಹೌದು ಎಂದು ಒತ್ತಿದವಳು

"ನೀನು ಪಾಸ್‌ವರ್ಡ್ ಹೊಡೆಯುವಾಗ ಈಕೆ ನೋಡ್ತಿದ್ಲಾ?"

ಸಂಸ್ಥೆಯ ಕಾರ್ಯದರ್ಶಿ ಮರುಳಸಿದ್ದಪ್ಪನವರು ಹೀಗೆ ಕೇಳಿದಾಗ ಶಾಲೆಯ ಕಚೇರಿಯಲ್ಲಿ ಅವರನ್ನು ಬಿಟ್ಟು ಮೂವರಿದ್ದರು. ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಮುತ್ತುರಾಜ್ ವೈರು ಸರಿಮಾಡುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿಕೊಂಡೇ ಇದ್ದ. ಸಂಘಮಿತ್ರಾ ಬಾಗಿಲ ಪಕ್ಕ ನಿಂತಿದ್ದಳು. ಬರೆಯುತ್ತಿದ್ದವಳನ್ನು ಎಬ್ಬಿಸಿದ್ದರಿಂದ ಪೆನ್ನು ಕೈಯಲ್ಲೇ ಇತ್ತು. ಅರುಣಾ ಕುರ್ಚಿಯಿಂದ ಅರ್ಧ ಎದ್ದವಳು ಪೂರ್ತಿ ಏಳಲೂ ಇಲ್ಲ, ಕೂರಲೂ ಇಲ್ಲ.

"ಗೊತ್ತಿಲ್ಲ ಸರ್," ಎಂದಳು. "ನಾನು ಗಮನ ಕೊಟ್ಟಿಲ್ಲ."

ಸಂಘಮಿತ್ರಾ ಅವಳ ಕಡೆ ತಿರುಗಿ ನೋಡಿದಳು. ಒಂದೇ ಕ್ಷಣ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು.

ಅರುಣಾಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷದಿಂದ ದಿನಕ್ಕೆ ಎರಡು ಸಲವೋ ಮೂರು ಸಲವೋ ಸಂಘಮಿತ್ರಾಳ ಕಂಪ್ಯೂಟರಿನ ತೆರೆ ಮಂಕಾಗಿ, ನಡುವೆ ಒಂದು ಚೌಕ ಮೂಡುತ್ತಿತ್ತು. ಈ ಕೆಲಸಕ್ಕೆ ಅಡ್ಮಿನ್ ಅನುಮತಿ ಬೇಕು, ಪಾಸ್‌ವರ್ಡ್ ಕೊಡಿ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಹೊಸ ಪ್ರಿಂಟರ್ ಜೋಡಿಸಲಿ, ಒಂದು ಫೋಲ್ಡರನ್ನು ಇಲ್ಲಿಂದ ಅಲ್ಲಿಗೆ ಸರಿಸಲಿ, ಕೇಳುತ್ತಿತ್ತು. ಆಗ ಸಂಘಮಿತ್ರಾ, "ಅರುಣಾ ಮೇಡಂ, ಸ್ವಲ್ಪ ಬರ್ತೀರಾ" ಎಂದು ಕರೆಯುತ್ತಿದ್ದಳು. ಅರುಣಾ ಎದ್ದು ಬಂದು ಬಗ್ಗಿ ನಿಂತ ಕೂಡಲೇ ಸಂಘಮಿತ್ರಾ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಮುಖವನ್ನು ಪೂರ್ತಿ ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಎಂಟಕ್ಷರದ ಪಾಸ್‌ವರ್ಡ್ ಹೊಡೆದು ಮುಗಿಸಿ ಅರುಣಾ "ಆಯ್ತು" ಎನ್ನುವ ತನಕ ಅವಳು ಹೊರಗಿನ ಬೇವಿನ ಮರವನ್ನು ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

ಚನ್ನಗಿರಿಯ ಆ ಪ್ರೌಢಶಾಲೆಯಲ್ಲಿ ಸಂಘಮಿತ್ರಾ ಏಳು ವರ್ಷದಿಂದ ಹಂಗಾಮಿ ಕೆಲಸದಲ್ಲಿದ್ದಳು. ಸೂಳೆಕೆರೆ ಏರಿಯ ಕೆಳಗಿನ ಊರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅರುಣಾ ನ್ಯಾಮತಿಯವಳು. ಮರುಳಸಿದ್ದಪ್ಪನವರು ಅವಳ ತಂದೆಗೆ ದೂರದಲ್ಲಿ ತಮ್ಮನಾಗಬೇಕು. ಕಳೆದ ವರ್ಷ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಅವಳನ್ನು ಒಳಗೆ ಕರೆದು ಪಾಸ್‌ವರ್ಡ್ ಹೇಳಿಕೊಟ್ಟಿದ್ದರು. "ಇದು ಮನೆ ಬೀಗದ ಕೈ ಇದ್ದಂಗೆ. ನಮ್ಮವರ ಕೈಯಾಗೆ ಇರ್ಲಿ," ಎಂದಿದ್ದರು. ಅರುಣಾಳಿಗೆ ಅಂದು ಹೆಮ್ಮೆಯಾಗಿತ್ತು. ನಮ್ಮವರು ಎಂದರೆ ಯಾರು, ಯಾರಲ್ಲ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಅರ್ಥವಾಗಿತ್ತು.

ಕಳೆದುಹೋಗಿದ್ದು ಹಳೆಯ ದಾಖಲಾತಿ ಪುಸ್ತಕಗಳ ಫೋಟೋಗಳು. ಶಾಲೆ ಶುರುವಾದ ವರ್ಷದಿಂದ ಸೇರಿದ ಮಕ್ಕಳ ಹೆಸರು, ಊರು, ಜಾತಿ, ಹುಟ್ಟಿದ ದಿನ ಇರುವ ದೊಡ್ಡ ದೊಡ್ಡ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಸಂಘಮಿತ್ರಾ ಎರಡು ವರ್ಷ ಕೂತು ಒಂದೊಂದೇ ಹಾಳೆಯನ್ನು ಬಿಡಿಸಿ, ಸ್ಕ್ಯಾನ್ ಮಾಡಿ, ವರ್ಷವಾರು ಜೋಡಿಸಿಟ್ಟಿದ್ದಳು. ಕೈತಪ್ಪಿ ಯಾರೂ ಅಳಿಸದಿರಲಿ ಎಂದು ಮುತ್ತುರಾಜನಿಗೆ ಹೇಳಿ ಆ ಫೋಲ್ಡರುಗಳಿಗೆ ಕಾವಲು ಹಾಕಿಸಿದ್ದವಳೂ ಅವಳೇ. ಮುಟ್ಟಿದರೆ ಅಡ್ಮಿನ್ ಅನುಮತಿ ಕೇಳುವ ಹಾಗೆ. ಆ ಸೋಮವಾರ ನಲ್ಲೂರಿನ ಮಲ್ಲೇಶಪ್ಪ ಎಂಬ ಹಿರಿಯರು ತಮ್ಮ ಜನ್ಮದಿನದ ದಾಖಲೆ ಕೇಳಿಕೊಂಡು ಬಂದಾಗ ಅವಳು ಫೋಲ್ಡರ್ ತೆಗೆದು ನೋಡಿದಳು. ಎರಡನೇ ಭಾಗ, ಅಂದರೆ ಇಪ್ಪತ್ತೊಂಬತ್ತು ವರ್ಷಗಳ ಹಾಳೆಗಳು, ಇರಲಿಲ್ಲ.

ಮುತ್ತುರಾಜ್ ಬಂದು ನೋಡಿ, "ವೈರಸ್ ಅಲ್ಲ ಸರ್, ಯಾರೋ ಅಳಿಸ್ಯಾರೆ. ಈ ಹತ್ತು ದಿನದಾಗೆ. ಪಾಸ್‌ವರ್ಡ್ ಕೊಟ್ಟೇ ಅಳಿಸ್ಯಾರೆ," ಎಂದ. ಕಂಪ್ಯೂಟರ್ ಸಂಘಮಿತ್ರಾಳದು. ಪಾಸ್‌ವರ್ಡ್ ಅರುಣಾಳದು. ಮರುಳಸಿದ್ದಪ್ಪನವರು ಅರುಣಾಳನ್ನು ಆ ಒಂದು ಪ್ರಶ್ನೆ ಮಾತ್ರ ಕೇಳಿದರು. ನೀನು ಅಳಿಸಿದೆಯಾ ಎಂದು ಕೇಳಲೇ ಇಲ್ಲ.

"ಸರ್, ಅದು ನಾನೇ ಎರಡು ವರ್ಷ ಕುಂತು ಮಾಡಿದ ಕೆಲಸ," ಎಂದಳು ಸಂಘಮಿತ್ರಾ. "ನಾನ್ಯಾಕೆ ಅಳಿಸ್ಲಿ?"

"ಸಿಟ್ಟಿಗೆ. ಪಾಸ್‌ವರ್ಡ್ ನನಗೂ ಕೊಡ್ರಿ ಅಂತ ಹೋದ ವರ್ಷ ಕೇಳಿದ್ದೆ ನೀನು. ಕೊಡಲಿಲ್ಲ. ಪಕ್ಕದಾಗೆ ಕುಂತು ಕೈ ನೋಡಿ ಕಲ್ಯಾಕೆ ಎಷ್ಟು ಹೊತ್ತು ಬೇಕು?"

"ನಾನು ಒಂದು ದಿನಾನೂ ನೋಡಿಲ್ಲ."

"ಹಂಗಂತ ಯಾರು ಹೇಳ್ಬೇಕು?"

ಯಾರೂ ಹೇಳಲಿಲ್ಲ. ಸಂಘಮಿತ್ರಾ ಬೀರುವಿನ ಕೀಲಿಗಳನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ನಾಳೆಯಿಂದ ಬರುವುದು ಬೇಡ ಎಂಬ ಮಾತು ಅವಳ ಬೆನ್ನಿಗೆ ಕೇಳಿಸಿತು.

ಅಳಿಸಿದ್ದು ಅದರ ಹಿಂದಿನ ಗುರುವಾರ ಮಧ್ಯಾಹ್ನ. ಸಂಘಮಿತ್ರಾ ಅಂಚೆ ಕಚೇರಿಗೆ ಹೋಗಿದ್ದಳು. ಶಾಲೆಯ ವಾರ್ಷಿಕೋತ್ಸವದ ವಿಡಿಯೋಗಳನ್ನು ಹಾಕಿಡಲು ಅರುಣಾಳ ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ. ಅರುಣಾ ಸಂಘಮಿತ್ರಾಳ ಕುರ್ಚಿಯಲ್ಲಿ ಕೂತಳು. ಅಲ್ಲೂ ಜಾಗ ಸಾಲಲಿಲ್ಲ. ಫೈಲ್ ಮ್ಯಾನೇಜರ್ ತೆಗೆದರೆ ಒಂದೇ ಹೆಸರಿನ ಎರಡು ಫೋಲ್ಡರು, ಒಂದರ ಕೊನೆಗೆ ಎರಡು ಎಂಬ ಅಂಕಿ. ಎರಡನೆಯದು ಮೊದಲನೆಯದರ ನಕಲಿರಬೇಕು ಎಂದುಕೊಂಡಳು. ಆ ಹೊತ್ತಿಗೆ ಹೊನ್ನಾಳಿಯಿಂದ ಚಿಕ್ಕಮ್ಮ ಫೋನು ಮಾಡಿ, ನೋಡಿ ಹೋಗಿದ್ದ ಗಂಡಿನ ಕಡೆಯವರು ಏನಂದರು ಎಂದು ವಿವರಿಸುತ್ತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಳಿಸು ಎಂದು ಒತ್ತಿದಳು. ತೆರೆ ಮಂಕಾಯಿತು. ಚೌಕದಲ್ಲಿ ನಾಲ್ಕು ಸಾಲು ಬರಹ ಬಂತು. ಅವಳು ಓದಲಿಲ್ಲ. ಓದದೆಯೇ ಅವಳ ಬೆರಳುಗಳಿಗೆ ದಾರಿ ಗೊತ್ತಿತ್ತು. ಪಾಸ್‌ವರ್ಡ್ ಹೊಡೆದಳು. ಮತ್ತೊಂದು ಚೌಕ ಬಂತು. ಇದು ಕಸದ ಬುಟ್ಟಿಗೆ ಹೋಗುವುದಿಲ್ಲ, ಶಾಶ್ವತವಾಗಿ ಹೋಗುತ್ತದೆ, ಖಚಿತವೇ ಎಂದು ಕೇಳಿತ್ತು ಅದು. ಹಾಗೆ ಕೇಳಿತ್ತೆಂಬುದು ಅವಳಿಗೆ ತಿಳಿದದ್ದು ಸೋಮವಾರ ಮುತ್ತುರಾಜ್ ವಿವರಿಸಿದಾಗ. ಗುರುವಾರ ಅವಳು ಹೌದು ಎಂದು ಒತ್ತಿ, ಚಿಕ್ಕಮ್ಮನಿಗೆ "ಹೂಂ, ಹೇಳು" ಎಂದಿದ್ದಳು.

ಮುತ್ತುರಾಜ್ ಎರಡು ದಿನ ಹೆಣಗಿದ. ಅಳಿಸಿದ ಜಾಗದ ಮೇಲೆ ವಿಡಿಯೋಗಳು ಕೂತುಬಿಟ್ಟಿದ್ದವು. ನಲವತ್ತು ಹಾಳೆಗಳು ಮಾತ್ರ ಮರಳಿ ಬಂದವು, ಅವೂ ಅರ್ಧರ್ಧ. ಉಳಿದದ್ದನ್ನು ಮತ್ತೆ ಸ್ಕ್ಯಾನ್ ಮಾಡು ಎಂದು ಮರುಳಸಿದ್ದಪ್ಪನವರು ಅರುಣಾಳಿಗೆ ಹೇಳಿದರು.

ಹಿಂದಿನ ಕೋಣೆಯಲ್ಲಿ ಆ ಪುಸ್ತಕಗಳನ್ನು ಹಳೆಯ ಪಂಚೆಗಳಲ್ಲಿ ಸುತ್ತಿಟ್ಟಿತ್ತು. ಗಂಟು ಬಿಚ್ಚುವಾಗಲೇ ಮಣ್ಣು ಉದುರಿತು. ಹಾಳೆಗಳ ನಡುವೆ ಅಲ್ಲಲ್ಲಿ ಚೀಟಿಗಳಿದ್ದವು, ಸಂಘಮಿತ್ರಾಳ ದುಂಡು ಅಕ್ಷರ. "ಪುಟ 41, ಬಲಭಾಗ ಗೆದ್ದಲು ತಿಂದಿದೆ." "ಈ ಹಾಳೆ ಎತ್ತುವಾಗ ಎರಡು ಕೈ ಬೇಕು." ಒಂದು ಚೀಟಿಯಲ್ಲಿ, "ಕ್ರಮ ಸಂಖ್ಯೆ 12, ತಂದೆಯ ಹೆಸರು ಓದಲು ಆಗುತ್ತಿಲ್ಲ. ಊಹಿಸಿ ಬರೆದಿಲ್ಲ" ಎಂದಿತ್ತು. ಅರುಣಾ ಆ ಚೀಟಿಯನ್ನು ಹಿಡಿದುಕೊಂಡು ನೆಲದ ಮೇಲೆ ಕೂತಳು. ಯಾರೋ ಅರವತ್ತು ವರ್ಷದ ಹಿಂದೆ ಶಾಲೆಗೆ ಸೇರಿಸಿದ ಮಗು, ಅದರ ಅಪ್ಪನ ಹೆಸರು. ತೋಚಿದ್ದನ್ನು ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಹದಿನೈದು ದಿನ ಅವಳು ಹಾಳೆ ಎತ್ತಿದಳು. ಕೆಲವು ಕೈಯಲ್ಲೇ ಪುಡಿಯಾದವು. ಹೋದ ಸಲ ಸಂಘಮಿತ್ರಾಳ ಕೈಯಲ್ಲಿ ಉಳಿದಿದ್ದ ಹಾಳೆಗಳು ಈ ಸಲ ಉಳಿಯಲಿಲ್ಲ. ಕೆಲಸದ ನಡುವೆ ತೆರೆ ಮಂಕಾಗಿ ಚೌಕ ಮೂಡಿದಾಗಲೆಲ್ಲ ಅವಳು ಈಗ ಪ್ರತಿ ಅಕ್ಷರ ಓದುತ್ತಿದ್ದಳು, ಓದಿ ಮುಗಿದ ಮೇಲೂ ಕೈ ಹೋಗುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ತಾಯಿ ಲಕ್ಷ್ಮಮ್ಮ ಹೇಳಿದ್ದು ಕೇಳಿಸುತ್ತಿರಲಿಲ್ಲ. "ನಿಂಗೇನಾಗೈತೆ?" ಎಂದು ಅವರು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದಳು. ಗೊತ್ತಿಲ್ಲ ಸರ್ ಎಂದು ತಾನು ಹೇಳಿದ ದನಿ, ಆ ದನಿಯಲ್ಲಿದ್ದ ಮುಗ್ಧತೆ, ನೀರು ಕುಡಿಯುವಾಗ, ಜಡೆ ಹಾಕಿಕೊಳ್ಳುವಾಗ ಕಿವಿಗೆ ಬೀಳುತ್ತಿತ್ತು.

ಒಂದು ಶುಕ್ರವಾರ ಮರುಳಸಿದ್ದಪ್ಪನವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. "ಸರ್, ಅದನ್ನ ಅಳಿಸಿದ್ದು ನಾನು," ಎಂದಳು. ನಡೆದದ್ದನ್ನೆಲ್ಲ ಹೇಳಿದಳು. ಕಿಟಕಿಯ ಕಡೆ ತಿರುಗುತ್ತಿದ್ದ ಮುಖದ ವಿಷಯವನ್ನೂ.

ಅವರು ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಕೈತಪ್ಪು ಯಾರಿಗಿಲ್ಲ. ಆಗಿದ್ದಾತು ಬಿಡು."

"ಅವರನ್ನ ವಾಪಸ್ ಕರೀರಿ ಸರ್."

"ಕರೆದ್ರೆ ನಾನು ತಪ್ಪು ಮಾಡ್ದೆ ಅಂತ ಕಮಿಟಿ ಮುಂದೆ ಒಪ್ಕೊಂಡಂಗೆ ಆಗಲ್ವೇನಮ್ಮ? ನಿನ್ನ ಮದುವೆ ಮಾತು ಬೇರೆ ನಡೀತಾ ಐತೆ. ಈಗ ಇದನ್ನೆಲ್ಲ ಹೇಳ್ಕಂಡು ತಿರುಗ್ತೀಯಾ? ಆಕೆಗೆ ಬೇರೆ ಎಲ್ಲಾದ್ರೂ ಕೆಲಸ ಸಿಗ್ತತೆ. ಅವ್ರಿಗೆ ಈಗ ಎಲ್ಲಾ ಕಡೆ ಸಿಗ್ತತೆ." ಅವರು ಕನ್ನಡಕ ಹಾಕಿಕೊಂಡರು. ಅವರ ಮುಖದಲ್ಲಿ ಅವಳ ಮೇಲೆ ಸಿಟ್ಟಿರಲಿಲ್ಲ, ಅಕ್ಕರೆಯಿತ್ತು. ಅವಳಿಗೆ ಅದನ್ನು ನೋಡಲಾಗಲಿಲ್ಲ.

ಶನಿವಾರ ಅರುಣಾ ಕಮಿಟಿಯ ಅಧ್ಯಕ್ಷರಿಗೆ ಕೈಬರಹದಲ್ಲಿ ಒಂದು ಪತ್ರ ಬರೆದಳು. ಭಾನುವಾರ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಸಂಘಮಿತ್ರಾಳ ಊರಿಗೆ ಹೊರಟಳು. ಬಸ್ ನಿಲ್ದಾಣದಲ್ಲಿ ಹಣ್ಣಿನ ಗಾಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ಹಣ್ಣು ಹಿಡಿದುಕೊಂಡು ಹೋದರೆ ಕಾಯಿಲೆಯವರನ್ನು ನೋಡಲು ಹೋದಂತಾಗುತ್ತದೆ ಎನಿಸಿ ಬರಿಗೈಯಲ್ಲಿ ಹೋದಳು. ಬಸ್ಸು ಏರಿಯ ಮೇಲೆ ಬಂದಾಗ ಕೆರೆ ಒಂದು ಕಡೆ ಪೂರ್ತಿ ತುಂಬಿಕೊಂಡು ಹೊಳೆಯುತ್ತಿತ್ತು. ಅವಳು ಇನ್ನೊಂದು ಕಡೆಯ ಗದ್ದೆಗಳನ್ನು ನೋಡುತ್ತಾ ಕೂತಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಹನುಮಂತಪ್ಪರ ಮಗಳಾ? ಕೆಲಸ ಬಿಡಿಸಿದ್ರಲ್ಲ, ಅವಳಾ?" ಎಂದು ಅಂಗಡಿಯವನು ದಾರಿ ತೋರಿಸಿದ. ಬಿಡಿಸಿದ್ರಲ್ಲ ಎನ್ನುವಾಗ ಅವನ ದನಿ ಸ್ವಲ್ಪ ತಗ್ಗಿತು.

ಸಂಘಮಿತ್ರಾ ಮನೆಯ ಮುಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅರುಣಾಳನ್ನು ಕಂಡು ಕೈ ನಿಲ್ಲಿಸಿದಳು, ಆದರೆ ಏಳಲಿಲ್ಲ. ಅಂಗಳದ ಇನ್ನೊಂದು ತುದಿಯಲ್ಲಿ ಅವಳ ತಾಯಿ ಹೊನ್ನೂರಮ್ಮ ಗೋಣಿಚೀಲ ಹಾಸಿಕೊಂಡು ಮೆಕ್ಕೆಜೋಳದ ತೆನೆ ಬಿಡಿಸುತ್ತಾ ಕೂತಿದ್ದರು.

"ಬರ್ರಿ ಮೇಡಂ," ಎಂದಳು ಸಂಘಮಿತ್ರಾ.

ಅರುಣಾ ನಿಂತಲ್ಲೇ ಹೇಳಿಬಿಟ್ಟಳು. "ಅಳಿಸಿದ್ದು ನಾನು. ನೀವು ಅಂಚೆ ಕಚೇರಿಗೆ ಹೋಗಿದ್ದ ದಿನ."

"ಗೊತ್ತು."

"ಯಾವಾಗಿಂದ?"

"ಅವ್ರು ನಿಮ್ಮನ್ನ ಕೇಳಿದ್ರಲ್ಲ, ಆವಾಗ್ಲೇ. ನೋಡ್ತಿದ್ಲು ಅಂತ ಹೇಳಿದ್ರೆ, ನನ್ನ ಕಂಡ್ರೆ ಆಗಲ್ಲ ಅದಕ್ಕೆ ಸುಳ್ಳು ಹೇಳ್ತಾರೆ ಅಂದ್ಕಂತಿದ್ದೆ. ಗೊತ್ತಿಲ್ಲ ಅಂದ್ರಿ. ಗೊತ್ತಿದ್ದೂ ಗೊತ್ತಿಲ್ಲ ಅನ್ನಾಕೆ ಬೇರೆ ಕಾರಣ ಬೇಕಲ್ರೀ." ಅವಳು ಒಂದು ಅಂಗಿಯನ್ನು ಹಿಂಡಿ ಬಕೆಟ್ಟಿಗೆ ಹಾಕಿದಳು. "ಮಾರನೇ ದಿನ ಹೇಳ್ತೀರೇನೋ ಅಂತ ಕಾದೆ. ಒಂದು ವಾರ ಕಾದೆ."

ಅರುಣಾ ಚೀಲದಿಂದ ಪತ್ರ ತೆಗೆದು ಕೊಟ್ಟಳು. ಸಂಘಮಿತ್ರಾ ಸೀರೆಗೆ ಕೈ ಒರೆಸಿಕೊಂಡು ಓದಿದಳು. ಕಚೇರಿಯಲ್ಲಿ ಯಾವ ಕಾಗದವನ್ನೇ ಆಗಲಿ ಓದುತ್ತಿದ್ದ ಹಾಗೆಯೇ, ಸಾಲಿನ ಕೆಳಗೆ ಬೆರಳಿಟ್ಟು. ಒಂದು ಕಡೆ ಬೆರಳು ನಿಂತಿತು.

"ಅಚಾತುರ್ಯದಿಂದ ಅಂತ ಬರೆದೀರಿ."

"ಹೂಂ. ಬೇಕಂತ ಮಾಡಿದ್ದಲ್ಲ."

"ಅಳಿಸಿದ್ದು ಅಚಾತುರ್ಯ. ಒಪ್ತೀನಿ. ಸುಮ್ನಿದ್ದದ್ದು?"

ಅರುಣಾ ಚೀಲದಿಂದ ಪೆನ್ನು ತೆಗೆದಳು. ಪತ್ರ ವಾಪಸ್ ತೆಗೆದುಕೊಂಡು, ಕಟ್ಟೆಯ ಮೇಲೆ ಕೂತು, ಸಹಿಯ ಮೇಲಿದ್ದ ಸ್ವಲ್ಪ ಜಾಗದಲ್ಲಿ ಇನ್ನೊಂದು ಸಾಲು ಬರೆದಳು. ಸಂಘಮಿತ್ರಾ ನನ್ನ ಕೈಯನ್ನು ಎಂದೂ ನೋಡಲಿಲ್ಲ ಎಂಬುದು ನನಗೆ ತಿಳಿದಿತ್ತು, ತಿಳಿದೂ ಹೇಳಲಿಲ್ಲ. ಬರೆಯುವಾಗ ಅಕ್ಷರ ಸಣ್ಣದಾಗುತ್ತಾ ಹೋಯಿತು. ಜಾಗ ಕಡಿಮೆಯಿತ್ತು.

"ನಾಳೆ ಕೊಡ್ತೀನಿ," ಎಂದಳು. "ನಿಮ್ಮನ್ನ ವಾಪಸ್ ತಗಂತಾರೋ ಇಲ್ವೋ ಗೊತ್ತಿಲ್ಲ."

"ತಗಂಡ್ರೆ ಬರ್ಬೇಕೋ ಬೇಡ್ವೋ ಅಂತ ನಾನು ನೋಡ್ಕಂತೀನಿ." ಸಂಘಮಿತ್ರಾ ಅಂಗಳದ ಆಚೆ ತುದಿಗೆ ಕಣ್ಣು ಹಾಯಿಸಿದಳು. "ನನಗೆ ಹೇಳಿ ಏನುಪಯೋಗ ಮೇಡಂ, ನನಗೆ ಗೊತ್ತಿರೋದೇ. ಅವ್ವನಿಗೆ ಹೇಳ್ರಿ. ನಿಜ ಹೇಳು, ನೀನೇ ಏನಾರ ಮಾಡಿದ್ಯಾ ಅಂತ ಎರಡು ಸಲ ಕೇಳ್ಯಾಳೆ ನನ್ನ. ಹೆತ್ತವಳು."

ಹೇಳಿದವಳೇ ಬಕೆಟ್ ಎತ್ತಿಕೊಂಡು ಮನೆಯ ಹಿಂದಕ್ಕೆ ಹೋದಳು.

ಅರುಣಾ ಹೊನ್ನೂರಮ್ಮನವರ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅವರು ಮುಖ ನೋಡಿದರು, ತೆನೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಾಳುಗಳು ಚೀಲದ ಮೇಲೆ ಉದುರುತ್ತಿದ್ದವು.

"ಅಮ್ಮ, ನಾನು ಶಾಲೆ ಆಫೀಸಿಂದ ಬಂದೀನಿ. ಮಿತ್ರಾ ಅವರ ಜೊತೆ ಕೆಲಸ ಮಾಡ್ತಿದ್ದೆ."

"ಹೇಳವ್ವ."

ಹೇಗೆ ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅಡ್ಮಿನ್ ಇತ್ತು, ಫೋಲ್ಡರ್ ಇತ್ತು. ಅವನ್ನು ಬಿಟ್ಟು ಹೇಳಲು ಹೊರಟಳು. "ಹಳೇ ಪುಸ್ತಕದ್ದೆಲ್ಲ ಕಂಪ್ಯೂಟರಿನಾಗೆ ಮಿತ್ರಾ ಅವರು ತುಂಬಿಸಿಟ್ಟಿದ್ರು. ಅದನ್ನ ಯಾರಾದ್ರೂ ತೆಗೆಯಾಕೆ ಹೋದ್ರೆ ಅದು ತಡೆದು ಕೇಳ್ತತೆ. ತೆಗೀಲಾ ಅಂತ. ಹೌದು ಅನ್ನಾಕೆ ಒಂದು ಗುಟ್ಟಿನ ಮಾತು ಐತೆ. ನಮ್ಮಿಬ್ಬರಾಗೆ ಅದು ನನಗೆ ಮಾತ್ರ ಗೊತ್ತಿತ್ತು. ನಿಮ್ಮ ಮಗಳಿಗೆ ಹೇಳಿರಲಿಲ್ಲ."

"ಯಾಕೆ ಹೇಳಿರಲಿಲ್ಲ? ಏಳು ವರ್ಷ ಆತಲ್ಲ ಅವಳು ಅಲ್ಲಿಗೆ ಹೋಗಾಕೆ ಹತ್ತಿ."

ಅರುಣಾ ಆಚೆ ಸಿಡಿದಿದ್ದ ನಾಲ್ಕು ಕಾಳು ಹೆಕ್ಕಿ ಚೀಲದ ಮೇಲಿಟ್ಟಳು. ಹೊನ್ನೂರಮ್ಮ ಇನ್ನೊಂದು ತೆನೆ ತೆಗೆದುಕೊಂಡರು. "ಇರ್ಲಿ. ಆಮೇಲೆ?"

"ಆವತ್ತು ಅದು ನನ್ನನ್ನ ಕೇಳ್ತು. ನಾನು ಏನು ಕೇಳ್ತಾ ಐತೆ ಅಂತ ನೋಡದೆ ಹೌದು ಅಂದೆ. ಎಲ್ಲಾ ಹೋತು."

"ಒಂದೇ ಸಲ ಕೇಳ್ತಾ?"

"ಎರಡು ಸಲ."

"ಎರಡು ಸಲನೂ ಹೌದು ಅಂದೆ."

"ಹೂಂ."

"ಆಮೇಲೆ ನಿಮ್ಮ ದೊಡ್ಡೋರು ಕೇಳಿದ್ರಲ್ಲ. ಆವಾಗ?"

"ಆವಾಗ ಹೇಳಲಿಲ್ಲ ಅಮ್ಮ."

ಹೊನ್ನೂರಮ್ಮನವರ ಕೈ ಈಗ ನಿಂತಿತು. ಅವರು ಬೈಯಲಿಲ್ಲ, ಅಳಲಿಲ್ಲ. ಅರುಣಾಳ ಮುಖವನ್ನೇ ಬಹಳ ಹೊತ್ತು ನೋಡಿದರು, ಯಾರ ಮಗಳೋ ಎಂದು ಗುರುತು ಹಿಡಿಯಲು ನೋಡುವ ಹಾಗೆ. ಕುಕ್ಕರುಗಾಲಲ್ಲಿ ಕೂತ ಅರುಣಾಳ ಕಾಲು ಜೋಮು ಹಿಡಿದಿತ್ತು. ಅಲುಗಾಡಲು ಧೈರ್ಯವಾಗಲಿಲ್ಲ.

ಬೀದಿಯಲ್ಲಿ ಇಬ್ಬರು ಹೆಂಗಸರು ಸೌದೆ ಹೊರೆ ಇಳಿಸಿ, ಪಟ್ಟಣದ ಉಡುಪಿನ ಹುಡುಗಿ ಯಾರು ಎಂದು ನೋಡುತ್ತಾ ನಿಂತಿದ್ದರು. ಹೊನ್ನೂರಮ್ಮ ಅವರ ಕಡೆ ತಿರುಗಿದರು.

"ಕಸ್ತೂರಮ್ಮ, ಬಾ ಇಲ್ಲಿ. ಸಾವಂತ್ರಮ್ಮ, ನೀನೂ ಬಾ. ನನ್ನ ಮಗಳು ಅಲ್ಲಿ ಏನೋ ಮಾಡ್ಯಾಳೆ ಅಂತ ನಲ್ಲಿ ಹತ್ರ ಮಾತಾಡ್ತಿದ್ರಲ್ಲ. ಈ ಹುಡುಗಿ ಏನು ಹೇಳ್ತಾಳೆ ಕೇಳ್ಕಳ್ರಿ." ಆಮೇಲೆ ಅರುಣಾಳಿಗೆ, "ಇನ್ನೊಂದ್ಸಲ ಹೇಳವ್ವ. ನನಗೆ ಹೇಳ್ದಂಗೇ ಹೇಳು," ಎಂದರು.

ಹೆಂಗಸರು ಬಂದು ಅಂಗಳದಲ್ಲಿ ಕೂತರು. ಅರುಣಾ ಎದ್ದು ನಿಂತು ಹೇಳಿದಳು. ಗುಟ್ಟಿನ ಮಾತು, ಕಿಟಕಿ ಕಡೆ ತಿರುಗುತ್ತಿದ್ದ ಮುಖ, ಎರಡು ಸಲ ಅಂದ ಹೌದು, ಒಂದು ಸಲ ಅಂದ ಗೊತ್ತಿಲ್ಲ. ಅರ್ಧಕ್ಕೆ ಬಂದಾಗ ಎದುರು ಮನೆಯ ಷಣ್ಮುಖಪ್ಪ ಎಂಬ ಮುದುಕರು ಕೋಲೂರಿಕೊಂಡು ಬಂದು ಬೇಲಿಯ ಹತ್ತಿರ ನಿಂತರು. ಕಿವಿ ಮಂದ. "ಏನಂತೆ?" ಎಂದು ಕೇಳಿದರು. ಎಲ್ಲರೂ ಅರುಣಾಳ ಕಡೆಗೆ ನೋಡಿದರು.

ಊರ ಮುಂದೆ ಚನ್ನಗಿರಿಗೆ ಹೋಗುವ ಬಸ್ಸು ಬಂದು ನಿಂತು, ಎರಡು ಸಲ ಹಾರನ್ ಹೊಡೆಯಿತು. ಅದು ಹೋದರೆ ಇನ್ನೊಂದಕ್ಕೆ ಎರಡು ಗಂಟೆ ಕಾಯಬೇಕು. ಅರುಣಾ ಬೇಲಿಯ ಹತ್ತಿರಕ್ಕೆ ಹೋಗಿ, ಮುದುಕರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದಳು. ಬಸ್ಸು ಹೊರಟು ಏರಿ ಹತ್ತಿತು.